ನೊರೀನಳ ಒಂಬತ್ತನೆಯ ವಿಷಯ

ನಿವೃತ್ತಳಾದ ವಾರ ನನ್ನ ಕುರ್ಚಿಗೆ ಬಂದ ಸಹನಾಳಿಗೆ ಮೂರು ದಪ್ಪ ಫೈಲು ಒಪ್ಪಿಸಿದೆ. ಮೈಸೂರಿನ ಹುಡುಗಿ, ಗಂಡ ಸಾಫ್ಟ್‌ವೇರ್ ಕೆಲಸದಲ್ಲಿದ್ದಾನೆ, ಇವಳು ಬಲು ಚುರುಕು. ಮೂರನ್ನೂ ತಿರುವಿ ಹಾಕಿ, "ಆಂಟಿ, ಇದ್ರಲ್ಲಿ ರೂಲ್ಸ್ ಎಲ್ಲಾ ಇದೆ. ಕೆಲಸ ಏನು ಅಂತ ಎಲ್ಲೂ ಇಲ್ವಲ್ಲ?" ಅಂದಳು. ಆಂಟಿ ಅಂದದ್ದಕ್ಕೆ ಸಿಟ್ಟು ಬಂತು. ಕೇಳಿದ್ದು ಸರಿಯಾಗಿದ್ದುದಕ್ಕೆ ಇನ್ನೂ ಸಿಟ್ಟು ಬಂತು. ಮನೆಗೆ ಹೋಗಿ ಯೋಚಿಸಿದೆ. ಇಪ್ಪತ್ತು ವರ್ಷಕ್ಕೂ ಮೇಲೆ ಮಾಡಿದ ಕೆಲಸ, ಏನು ಅಂತ ಬರೆಯಲು ಕೂತರೆ ಒಬ್ಬಳೇ ಒಬ್ಬಳ ಮುಖ ಕಣ್ಣ ಮುಂದೆ ಬಂತು. ಮುಚ್ಚುಮರೆ ಇಲ್ಲದೆ ಹೇಳಿಬಿಡುತ್ತೇನೆ: ಅವಳ ಹೆಸರು ನೊರೀನ್, ಮತ್ತು ಅವಳ ಡಿಗ್ರಿಯ ಕನಸನ್ನು ನನ್ನ ಕೈಯಾರೆ ನಾನೇ ಹಾಳು ಮಾಡುವುದರಲ್ಲಿದ್ದೆ.

ಕೆಲಸದ ವಿಷಯ ಮೊದಲು. ಐರ್ಲೆಂಡಿನ ಕಾರ್ಕ್ ನಗರದ ಒಂದು ಫರ್ದರ್ ಎಜುಕೇಷನ್ ಕಾಲೇಜು. ಶಾಲೆ ಮುಗಿಸಿ ಯೂನಿವರ್ಸಿಟಿಯಲ್ಲಿ ಸೀಟು ಸಿಗದವರು, ಶಾಲೆಯನ್ನೇ ಅರ್ಧಕ್ಕೆ ಬಿಟ್ಟವರು, ಮಕ್ಕಳನ್ನೆಲ್ಲ ದಡ ಹತ್ತಿಸಿ ಇನ್ನು ನನ್ನ ಸರದಿ ಎಂದು ಬಂದವರು, ಎಲ್ಲರೂ ಇಲ್ಲಿಗೆ ಬರುತ್ತಾರೆ. ಒಂದು ವರ್ಷ ಎಂಟು ವಿಷಯ ಓದಿದರೆ ಸರ್ಟಿಫಿಕೇಟ್. ಆ ಸರ್ಟಿಫಿಕೇಟ್ ಹಿಡಿದು ನಾಲ್ಕು ವರ್ಷದ ಡಿಗ್ರಿಗೆ ದಾಟಬಹುದು. ಆದರೆ ಯಾವ ಎಂಟು ವಿಷಯ ಓದಿದರೆ ಯಾವ ಡಿಗ್ರಿಯ ಬಾಗಿಲು ತೆರೆಯುತ್ತದೆ ಎಂಬುದು ಸುಲಭದ ವಿಚಾರವಲ್ಲ. ಒಬ್ಬೊಬ್ಬರನ್ನೂ ಎದುರಿಗೆ ಕೂರಿಸಿಕೊಂಡು ಅದನ್ನು ಯೋಜಿಸುವುದೇ ನನ್ನ ಕೆಲಸ. ಬಡ್ತಿಯ ವಿಷಯ ಬಿಡಿ, ಸಿಕ್ಕಿದ್ದು ಒಂದೇ ಒಂದು, ಅದರ ಜೊತೆಗೆ ಕಿಟಕಿ ಇಲ್ಲದ ಕೋಣೆಯನ್ನೂ ಕೊಟ್ಟರು.

ನಾನು ದಾವಣಗೆರೆಯಲ್ಲಿ ಪಿ.ಯು. ಕಾಲೇಜಿನ ಗಣಿತದ ಮೇಡಂ ಆಗಿದ್ದವಳು. ಡಾಕ್ಟರ್ ಗಂಡನ ಹಿಂದೆ ಮೊದಲು ಡ್ರೋಹೆಡಾಕ್ಕೆ, ಆಮೇಲೆ ಕಾರ್ಕ್ ಪಕ್ಕದ ಬ್ಯಾಲಿನ್‌ಕೊಲಿಗ್‌ಗೆ ಬಂದೆ. ಈ ಕೆಲಸಕ್ಕೆ ಸೇರಿದ ಮೇಲೆ ನಾನೇ ಒಂದು ಪದ್ಧತಿ ಕಂಡುಕೊಂಡೆ: ಹಿಂದಿನಿಂದ ಬರೆಯುವುದು. ಹಾಳೆಯ ಬಲ ತುದಿಯಲ್ಲಿ ಡಿಗ್ರಿಯ ಹೆಸರು, ಅದರ ಎಡಕ್ಕೆ ಆ ಡಿಗ್ರಿಯವರು ಕೇಳುವ ವಿಷಯಗಳು, ಅದರ ಎಡಕ್ಕೆ ಅವಕ್ಕೆ ಬೇಕಾದ ತಯಾರಿ, ಕಟ್ಟಕಡೆಗೆ ಎಡ ತುದಿಯಲ್ಲಿ ಎದುರಿಗೆ ಕೂತಿರುವ ಮನುಷ್ಯ. ಸಹನಾ, ನೀನು ಏನು ಬಿಟ್ಟರೂ ಇದನ್ನು ಬಿಡಬೇಡ. ಎಡದಿಂದ ಶುರು ಮಾಡಿದವರು ತಮಗೆ ಇಷ್ಟವಾದ ವಿಷಯ ಓದಿ ಖುಷಿಯಾಗಿ ಹೋಗಿ ಮುಚ್ಚಿದ ಬಾಗಿಲಿನ ಎದುರು ನಿಲ್ಲುತ್ತಾರೆ.

ನಮ್ಮವರು ಬಂದರೆ ಮಾತ್ರ ಹಾಳೆ ತೆರೆಯುವ ಮೊದಲೇ ಅರ್ಧ ಗಂಟೆ ಹೋಗುತ್ತಿತ್ತು. ಒಮ್ಮೆ ಬೆಂಗಳೂರಿನ ಇಂಜಿನಿಯರ್ ಒಬ್ಬರು ಮಗಳನ್ನು ಕರೆದುಕೊಂಡು ಬಂದರು. ಕೂತವರೇ ದನಿ ತಗ್ಗಿಸಿ, "ಮೇಡಂ, ಇಲ್ಲಿಗೆ ಬಂದಿರೋದು ಯಾರಿಗೂ ಗೊತ್ತಾಗೋದು ಬೇಡ. ಫೇಲಾದೋರು ಬರೋ ಕಾಲೇಜಲ್ವಾ ಇದು?" ಎಂದು ಕೇಳಿದರು.

"ಅಲ್ಲ ಸಾರ್, ಮುಂದೆ ಹೋಗೋರು ಬರೋ ಕಾಲೇಜು," ಅಂದೆ.

"ಸರಿ, ಹಾಗಾದ್ರೆ ಪಿ.ಸಿ.ಎಂ.ಬಿ. ಕಾಂಬಿನೇಷನ್ ಕೊಟ್ಟುಬಿಡಿ. ಸೇಫು."

"ಆ ಥರ ಕಟ್ಟು ಇಲ್ಲಿಲ್ಲ. ಒಂದೊಂದಾಗಿ ಆರಿಸ್ಕೋಬೇಕು. ಏನಮ್ಮಾ, ನಿಂಗೇನು ಇಷ್ಟ?"

ಹುಡುಗಿಗೆ ಕನ್ನಡ ಎಲ್ಲ ಅರ್ಥವಾಗುತ್ತಿತ್ತು. ಉತ್ತರ ಬಂದದ್ದು ಅಪ್ಪಟ ಕಾರ್ಕ್ ರಾಗದ ಇಂಗ್ಲಿಷಿನಲ್ಲಿ: ತನಗೆ ನಾಯಿಗಳ ಡಾಕ್ಟರ್ ಹತ್ತಿರ ನರ್ಸ್ ಆಗಬೇಕು, ಅಪ್ಪನಿಗೆ ಹೇಳಿ ಎರಡು ವರ್ಷ ಆಯಿತು, ಅವರು ಕೇಳಿಸಿಕೊಂಡಿಲ್ಲ. ಅಪ್ಪ ನನ್ನ ಮುಖ ನೋಡಿದರು. ನಾನು ಹಾಳೆಯ ಬಲ ತುದಿಯಲ್ಲಿ ವೆಟರಿನರಿ ನರ್ಸಿಂಗ್ ಎಂದು ಬರೆದೇಬಿಟ್ಟೆ. ಆಮೇಲೆ ಆ ಮನುಷ್ಯ ವರ್ಷವಿಡೀ ಊರಿನ ಯುಗಾದಿ, ದೀಪಾವಳಿ ಕೂಟಗಳಲ್ಲೆಲ್ಲ ನನ್ನನ್ನು ಕಂಡರೆ ತಟ್ಟೆ ಹಿಡಿದುಕೊಂಡು ಇನ್ನೊಂದು ಮೂಲೆಗೆ ಹೋಗುತ್ತಿದ್ದರು. ಮಗಳು ಕೆಲಸಕ್ಕೆ ಸೇರಿದ ಮೇಲೆ ಅವರೇ ಹೋಳಿಗೆ ತಂದು ಬಡಿಸಿದರು.

ಇಷ್ಟೆಲ್ಲ ಹೇಳುತ್ತಿದ್ದವಳು ನಾನೇ, ಮುಂದಿನ ತಪ್ಪು ಮಾಡಿದವಳೂ ನಾನೇ.

ನೊರೀನ್ ಅಪ್ಪಟ ಕಾರ್ಕ್‌ನ ಐರಿಷ್ ಹೆಂಗಸು, ಅವಳಿಗೆ ಆಗ ನಲವತ್ತೇಳು. ಡಗ್ಲಸ್ ಬಡಾವಣೆಯ ಶಾಪಿಂಗ್ ಸೆಂಟರಿನ ಸೂಪರ್‌ಮಾರ್ಕೆಟ್‌ನಲ್ಲಿ ಬೇಕರಿ ಕೌಂಟರಿನವಳು, ಇಪ್ಪತ್ತೆರಡು ವರ್ಷದಿಂದ. ತಾಯಿಗೆ ಕಾಯಿಲೆಯಾಗಿ ಹದಿನಾರಕ್ಕೇ ಶಾಲೆ ಬಿಟ್ಟವಳು. ನನ್ನ ಕೋಣೆಗೆ ಬಂದ ದಿನ ಕೋಟನ್ನೂ ಬಿಚ್ಚದೆ ಕುರ್ಚಿಯ ತುದಿಯಲ್ಲಿ ಕೂತು ತನ್ನ ಇಂಗ್ಲಿಷಿನಲ್ಲಿ ಕೇಳಿದಳು: "ಬ್ರೆಡ್ಡು ಚಳಿಗಾಲದಲ್ಲಿ ಬೇರೆ ಥರ, ಬೇಸಿಗೇಲಿ ಬೇರೆ ಥರ ಯಾಕೆ ಉಬ್ಬುತ್ತೆ? ಇಪ್ಪತ್ತೆರಡು ವರ್ಷದಿಂದ ಕೇಳ್ತಿದೀನಿ, ಯಾರೂ ಹೇಳಿಲ್ಲ. ಅದನ್ನ ಕಲಿಸೋ ಡಿಗ್ರಿ ಇದ್ಯಾ?"

ಇದೆ, ಅದರ ಹೆಸರು ಆಹಾರ ವಿಜ್ಞಾನ, ನಾಲ್ಕು ವರ್ಷ, ಅಂದೆ. ಬಲ ತುದಿಯಲ್ಲಿ ಬರೆದೆ. ನಮ್ಮಂಥ ಕಾಲೇಜಿನವರಿಗೆಂದು ಅಲ್ಲಿ ಕೆಲವೇ ಸೀಟು. ಪೂರ್ತಿ ಸರ್ಟಿಫಿಕೇಟ್ ಬೇಕು, ಐದು ವಿಷಯದಲ್ಲಿ ಡಿಸ್ಟಿಂಕ್ಷನ್ ಬೇಕು. ನೊರೀನ್ ಒಂದೇ ಒಂದು ಮಾತು ಸೇರಿಸಿದಳು. "ಒಂದು ವರ್ಷ ಅಂತ ಮ್ಯಾನೇಜರ್ ಹತ್ರ ಕೇಳ್ಕೊಂಡು ಬಂದಿದೀನಿ. ಬರೀ ಶನಿವಾರ, ಭಾನುವಾರದ ಕೆಲಸ ಉಳಿಸ್ಕೊಂಡಿದೀನಿ. ಈ ವರ್ಷ ಆಗ್ಲಿಲ್ಲ ಅಂದ್ರೆ ಇನ್ನೊಂದು ಸಲ ಕೇಳೋ ಧೈರ್ಯ ನಂಗಿಲ್ಲ. ಕೌಂಟರಿಗೆ ವಾಪಸ್ ಹೋಗ್ತೀನಿ, ಅಷ್ಟೇ."

ಆ ಮಾತು ಕೇಳಿಯೂ ನಾನು ಏನು ಮಾಡಿದೆ ಗೊತ್ತೇ? ಅವಳ ಎಂಟು ವಿಷಯಗಳ ಪಟ್ಟಿಯಲ್ಲಿ "ಕೆಲಸದ ಅನುಭವ" ಅಂತ ಒಂದು ಇತ್ತು. ಹತ್ತು ದಿನ ಓದಿಗೆ ಸಂಬಂಧಪಟ್ಟ ಕಡೆ ಕೆಲಸಕ್ಕೆ ಹೋಗಿ ದಿನಚರಿ ಬರೆಯುವ ವಿಷಯ. ನಾನು ಅದನ್ನು ನೋಡಿ ನಕ್ಕೆ. "ಇಪ್ಪತ್ತೆರಡು ವರ್ಷ ದುಡಿದಿದೀಯ, ನಿಂಗ್ಯಾಕೆ ಇದು? ಇದೂ ಒಂದು ವಿಷಯಾನಾ? ತೆಗ್ದಾಕು. ಬದಲು ಸ್ಟಾಟಿಸ್ಟಿಕ್ಸ್ ತಗೋ. ವಿಜ್ಞಾನಕ್ಕೆ ಹೋಗ್ತಿದೀಯ, ಭದ್ರವಾಗಿರತ್ತೆ." ಮೇಡಂ ಹೇಳಿದ ಮೇಲೆ ಮುಗಿಯಿತು. ಅವಳು ತೆಗೆದಳು, ನಾನು ಸಹಿ ಹಾಕಿದೆ.

ಆ ನಗು ಎಲ್ಲಿಂದ ಬಂತು ಅಂತ ನನಗೆ ಚೆನ್ನಾಗಿ ಗೊತ್ತು. ದಾವಣಗೆರೆಗೂ ಮೊದಲು ಎರಡು ವರ್ಷ ಹೈಸ್ಕೂಲಿನಲ್ಲಿದ್ದಾಗ ಡ್ರಾಯಿಂಗ್, ಪಿ.ಟಿ., ತೋಟಗಾರಿಕೆ, ಯಾವ ಪೀರಿಯಡ್ ಬಂದರೂ ನುಗ್ಗಿ ಗಣಿತ ಮಾಡುತ್ತಿದ್ದ ಮೇಡಂ ನಾನೇ. ಮಕ್ಕಳು ಚೆಂಡು ಹಿಡಿದು ಬಾಗಿಲಲ್ಲಿ ನಿಂತಿರುತ್ತಿದ್ದರು, ನಾನು ಸೀಮೆಸುಣ್ಣ ಹಿಡಿದು ಒಳಗೆ ಹೋಗುತ್ತಿದ್ದೆ. ಹೆಡ್‌ಮಾಸ್ಟರು ಶಭಾಷ್ ಅನ್ನುತ್ತಿದ್ದರು. ಆ ಬುದ್ಧಿ ಸಮುದ್ರ ದಾಟಿ ಬಂದಿತ್ತು.

ಆ ವರ್ಷ ಕಾಲೇಜಿಗೆ ಹೊಸ ಕಂಪ್ಯೂಟರ್ ವ್ಯವಸ್ಥೆ ಬಂತು. ನನಗೋ ಅದನ್ನು ಕಂಡರಾಗದು. ನನ್ನ ಗೋಡೆ ತುಂಬ ಅಂಟಿಸಿದ ಹಾಳೆಗಳನ್ನು ತೆಗೆಸಿ, ಎಲ್ಲವನ್ನೂ ಅದರೊಳಗೆ ತುಂಬಿ ಅಂದರು. ಫೆಬ್ರವರಿ ಕೊನೆಯ ಒಂದು ಮಧ್ಯಾಹ್ನ ಗೊಣಗಿಕೊಂಡೇ ಹೆಸರುಗಳನ್ನು ತುಂಬುತ್ತಿದ್ದೆ. ಎಲ್ಲರ ಸಾಲೂ ಹಸಿರಾಯಿತು. ನೊರೀನಳ ಸಾಲು ಕೆಂಪಾಯಿತು. ಹಾಳಾದ ಯಂತ್ರ ಎಂದು ಅಳಿಸಿ ಮತ್ತೆ ಹೊಡೆದೆ. ಮತ್ತೆ ಕೆಂಪು. ಕೆಳಗೆ ಒಂದು ಸಾಲು: ಕಡ್ಡಾಯ ವಿಷಯ ಕಾಣೆಯಾಗಿದೆ. ಕೆಲಸದ ಅನುಭವ.

ಫೈಲು ತೆಗೆದು ನಿಯಮ ಓದಿದೆ. ಉಳಿದ ವಿಷಯ ಯಾವುದನ್ನಾದರೂ ಬದಲಾಯಿಸಬಹುದು, ಇದನ್ನು ಮಾತ್ರ ಬದಲಾಯಿಸುವಂತಿಲ್ಲ. ಇದಿಲ್ಲದೆ ಸರ್ಟಿಫಿಕೇಟ್ ಇಲ್ಲ, ಸರ್ಟಿಫಿಕೇಟ್ ಇಲ್ಲದೆ ಸೀಟಿಲ್ಲ. ಹಳೆಯ ಕಾಗದದ ಪದ್ಧತಿ ಇದ್ದಿದ್ದರೆ ಜೂನ್‌ವರೆಗೆ ಗೊತ್ತೇ ಆಗುತ್ತಿರಲಿಲ್ಲ. ಅಂದಿನಿಂದ ಆ ಯಂತ್ರಕ್ಕೆ ಬೈಯುವುದನ್ನು ನಿಲ್ಲಿಸಿದೆ.

ನಮ್ಮ ಪ್ರಿನ್ಸಿಪಾಲ್ ಡೋನಲ್ ಎಂಬವರು. ಎತ್ತರದ ಮನುಷ್ಯ, ದನಿ ಏರಿಸಿದ್ದನ್ನು ನಾನು ಕಂಡಿಲ್ಲ. ಏನು ಹೇಳಿದರೂ "ಗ್ರ್ಯಾಂಡ್, ಗ್ರ್ಯಾಂಡ್" ಅನ್ನುತ್ತಿದ್ದರು, ಇಲ್ಲಿಯವರ "ಸರಿ, ಸರಿ" ಅದು. ಮೊದಲ ವರ್ಷಗಳಲ್ಲಿ ಅದನ್ನು ನಂಬಿ ಕೆಟ್ಟಿದ್ದೆ. ಹೊಸಬರೇ, ನೆನಪಿಡಿ: ಇಲ್ಲಿನ ಮೇಲಧಿಕಾರಿ "ನಾನಾಗಿದ್ರೆ ಅದನ್ನೊಂದು ಸಲ ನೋಡ್ತಿದ್ನೇನೋ" ಅಂದರೆ ಈಗಲೇ ಎದ್ದು ಹೋಗಿ ಸರಿಮಾಡು ಅಂತ ಅರ್ಥ. ಅವರ ಕೋಣೆಗೆ ಹೋಗಿ ಎಲ್ಲ ಹೇಳಿದೆ. ಡೋನಲ್ ಪೆನ್ನು ಮುಚ್ಚಿಟ್ಟರು.

"ಅದು ಅಷ್ಟೇನೂ ಚೆನ್ನಾಗಿಲ್ಲ, ಸುಮಿತ್ರಾ," ಅಂದರು. ಗ್ರ್ಯಾಂಡ್ ಅನ್ನಲಿಲ್ಲ. ನಮ್ಮ ಊರಿನ ಯಾವ ಹೆಡ್‌ಮಾಸ್ಟರ್ ಬೈದರೂ ನನಗೆ ಅಷ್ಟು ನಾಟುತ್ತಿರಲಿಲ್ಲ. ಆಮೇಲೆ ಎದ್ದು ಕೆಟಲ್ ಹಾಕಿದರು. "ಅವಳಿಗೆ ಗೊತ್ತಾ?"

"ಇಲ್ಲ."

"ಟೀ ಕುಡೀರಿ. ಕುಡಿದು ಹೋಗಿ ಹೇಳಿ. ನಾನೂ ಬರಬೇಕಾ?"

"ಬೇಡ. ತಪ್ಪು ನಂದು, ನಾನೇ ಹೇಳ್ತೀನಿ."

ಮೇಷ್ಟ್ರು ವಿದ್ಯಾರ್ಥಿಯ ಎದುರು ಕ್ಷಮೆ ಕೇಳಿದ್ದನ್ನು ನಾನು ಕಲಿತ ಕಡೆಯಾಗಲಿ ಕಲಿಸಿದ ಕಡೆಯಾಗಲಿ ಒಮ್ಮೆಯೂ ನೋಡಿರಲಿಲ್ಲ. ಹೇಗೆ ಕೇಳಬೇಕು ಅಂತ ಗೊತ್ತಿರಲಿಲ್ಲ. ಕ್ಯಾಂಟೀನಿನಲ್ಲಿ ನೊರೀನ್ ಸೂಪು ಕುಡಿಯುತ್ತಿದ್ದಳು. ಎದುರು ಕೂತು ಒಂದೇ ಉಸಿರಿಗೆ ಹೇಳಿಬಿಟ್ಟೆ. ಅವಳು ಚಮಚ ಕೆಳಗಿಟ್ಟಳು.

"ಅಂದ್ರೆ ನನ್ನ ವರ್ಷ ಹೋಯ್ತಾ?"

"ಹೋಗಿಲ್ಲ. ಹೋಗೋಕೆ ಬಿಡಲ್ಲ. ಮೇ ಮೊದಲ ವಾರದೊಳಗೆ ಹತ್ತು ದಿನ ಒಂದು ಲ್ಯಾಬಿನಲ್ಲೋ ಆಹಾರ ತಯಾರಿಸೋ ಕಡೆಯೋ..."

"ನಾನು ನಿಮ್ಮನ್ನ ಕೇಳಿದ್ದೆ," ಅಂದಳು. "ಇದನ್ನ ತೆಗೆದ್ರೆ ಪರವಾಗಿಲ್ವಾ ಅಂತ ನಾನು ಕೇಳಿದ್ದೆ." ನಿಜ, ಕೇಳಿದ್ದಳು. ಕೋಟು ಎತ್ತಿಕೊಂಡು ಹೋಗಿಬಿಟ್ಟಳು. ಎರಡು ದಿನ ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಮನೆಯಲ್ಲಿ ಗಂಡನಿಗೆ ಹೇಳಿಕೊಂಡೆ. ಸಮಾಧಾನ ಮಾಡುವುದು ಬಿಟ್ಟು ಆ ಮಹಾಶಯರು, "ಅಲ್ವೇ, ಊರಲ್ಲಿ ಮಕ್ಕಳ ಪಿ.ಟಿ. ಪೀರಿಯಡ್ ಕಿತ್ಕೊಂಡಿದ್ದು ಸಾಲ್ದು ಅಂತ ಇಲ್ಲೂ ಶುರು ಮಾಡಿದ್ಯಾ?" ಅಂದರು. ಅಳಬೇಕೆಂದಿದ್ದವಳಿಗೆ ನಗು ಬಂತು. ನಕ್ಕು, ಆಮೇಲೆ ಅತ್ತೆ.

ಮೂರನೆಯ ದಿನ ನೊರೀನ್ ಬಾಗಿಲು ತಟ್ಟಿದಳು. "ಈಸ್ಟರ್ ರಜೆ ಎರಡು ವಾರ ಇದೆ. ಸಿಟ್ಟು ಮಾಡ್ಕೊಂಡು ಕೂತ್ರೆ ಅದೂ ಹೋಗುತ್ತೆ. ಫೋನು ಎಲ್ಲಿ?" ಅಂದಳು. ಇಬ್ಬರೂ ಕೂತು ಫೋನು ಮಾಡತೊಡಗಿದೆವು. ಅವಳ ಬೇಕರಿ ಕೌಂಟರಿನ ಕೆಲಸ ಆಗುವುದಿಲ್ಲ, ಹಿಟ್ಟು ಮುಟ್ಟಿದರೂ ಕಾಗದದ ಮೇಲೆ ಅದು ಮಾರಾಟ, ಇದಕ್ಕೆ ತಯಾರಿಕೆಯೇ ಆಗಬೇಕೆಂದು ನಿಯಮ. ಲ್ಯಾಬಿನವರು ವಿಮೆ ಇಲ್ಲ ಅಂದರು, ಹಾಲಿನ ಡೈರಿಯವರು ಸೆಪ್ಟೆಂಬರ್‌ಗೆ ನೋಡೋಣ ಅಂದರು, ಒಬ್ಬರು ನನ್ನ ಹೆಸರು ಬರೆದುಕೊಳ್ಳುವುದಕ್ಕೇ ಐದು ನಿಮಿಷ ತೆಗೆದುಕೊಂಡು ಆಮೇಲೆ ಇಲ್ಲ ಅಂದರು. ಕೊನೆಗೆ ಬ್ಯಾಂಡನ್ ಎಂಬ ಊರಿನಿಂದಾಚೆ ಚೀಸ್ ಮಾಡುವ ಒಬ್ಬ ರೈತ ಸಿಕ್ಕಿದ. ಅವನು ಕೇಳಿದ್ದು ಒಂದೇ ಪ್ರಶ್ನೆ: "ಭಾರ ಎತ್ತುತ್ತಾಳಾ?"

"ಇಪ್ಪತ್ತೆರಡು ವರ್ಷ ಹಿಟ್ಟಿನ ಮೂಟೆ ಎತ್ತಿದಾಳೆ," ಅಂದೆ.

"ಹಾಗಾದ್ರೆ ರಜೆ ಶುರುವಾಗೋ ಸೋಮವಾರ ಕಳಿಸಿ. ಏಳಕ್ಕೆ."

ಅಲ್ಲಿಗೆ ಆ ಹೊತ್ತಿಗೆ ಬಸ್ಸಿಲ್ಲ. ನೊರೀನ್‌ಗೆ ಕಾರಿಲ್ಲ. ಹೀಗಾಗಿ ಹತ್ತೂ ದಿನ ಬೆಳಿಗ್ಗೆ ನಾನೇ ಡ್ರೈವರ್ ಆದೆ. ನನ್ನ ವೃತ್ತಿಯಲ್ಲಿ ಅತ್ಯಂತ ಖುಷಿ ಕೊಟ್ಟ ಹತ್ತು ದಿನ ಅವು ಎಂದರೆ ಯಾರು ನಂಬುತ್ತಾರೆ? ದಾರಿಯಲ್ಲಿ ನಾನು ಅವಳಿಗೆ ಸ್ಟಾಟಿಸ್ಟಿಕ್ಸ್ ಹೇಳಿಕೊಡುವುದು, ಅವಳು ಅಲ್ಲೇ ಆಕಳಿಸುವುದು. ಮೂರನೆಯ ದಿನ ಡಬ್ಬಿಯಲ್ಲಿ ಇಡ್ಲಿ, ಕಾಯಿಚಟ್ನಿ ಒಯ್ದೆ. ಒಂದು ಬಾಯಿಗಿಟ್ಟವಳು ನಿದ್ದೆಯಿಂದ ಎದ್ದುಬಿಟ್ಟಳು.

"ಇದಕ್ಕೆ ಯೀಸ್ಟ್ ಎಲ್ಲಿ ಹಾಕಿದ್ರಿ?"

"ಹಾಕಲ್ಲ. ತಾನಾಗೇ ಹುಳಿ ಬರುತ್ತೆ."

"ಈ ಚಳೀಲಿ?"

"ಬಿಸಿನೀರಿನ ಟ್ಯಾಂಕ್ ಇರೋ ಬೀರು ಇದ್ಯಲ್ಲ, ಹಾಟ್ ಪ್ರೆಸ್, ಅಲ್ಲಿ ಟವೆಲ್ ಪಕ್ಕ ಹಿಟ್ಟು ಇಡ್ತೀವಿ. ಐರ್ಲೆಂಡಿನ ಕನ್ನಡದವರೆಲ್ಲ ಅಲ್ಲೇ ಇಡೋದು."

"ಎಷ್ಟು ಗಂಟೆ? ಎಷ್ಟು ಡಿಗ್ರೀಲಿ?"

"ಉಬ್ಬೋವರೆಗೂ."

"ನೀವು ಗಣಿತದ ಟೀಚರ್ ಅಲ್ವಾ?" ಅಂದಳು, ತಮಾಷೆಗಲ್ಲ, ನಿಜವಾಗಿ ಬೇಸರಪಟ್ಟುಕೊಂಡು. ಮರುದಿನ ಒಂದು ಥರ್ಮಾಮೀಟರ್ ತಂದುಕೊಟ್ಟಳು. ನಾನು ವಾರವಿಡೀ ನಮ್ಮ ಹಾಟ್ ಪ್ರೆಸ್‌ನ ಉಷ್ಣಾಂಶ ಬರೆದುಕೊಂಡು ಹೋಗಿ ಒಪ್ಪಿಸಿದೆ. ವಿದ್ಯಾರ್ಥಿನಿ ಹೋಮ್‌ವರ್ಕ್ ಕೊಟ್ಟು ಮೇಡಂ ಮಾಡಿಕೊಂಡು ಹೋಗುವುದೆಂದರೆ!

ಚೀಸಿನವನ ಹತ್ತಿರ ನೊರೀನ್ ಏನು ಮಾಡಿದಳು ಅನ್ನುವುದು ಅವಳ ದಿನಚರಿ ಓದಿದಾಗಲೇ ನನಗೆ ತಿಳಿದದ್ದು. ನಾಲ್ಕೈದು ಪುಟ ಸಾಕಿತ್ತು, ಅವಳು ಒಂದು ನೋಟ್‌ಬುಕ್ಕೇ ತುಂಬಿಸಿದ್ದಳು. ಕೆಲವು ಚೀಸ್ ಗಟ್ಟಿಗಳು ಮಾತ್ರ ಯಾಕೆ ಬಿರಿಯುತ್ತವೆ ಅಂತ ಆ ರೈತ ವರ್ಷಗಟ್ಟಲೆ ತಲೆ ಕೆರೆದುಕೊಂಡಿದ್ದನಂತೆ. ಇವಳು ಪ್ರತಿ ಗಂಟೆ ಉಷ್ಣಾಂಶ, ತೇವ ಎಲ್ಲ ಬರೆದು, ಲಾರಿ ಬರುವ ದಿನ ಬಾಗಿಲು ತೆರೆದೇ ಇರುತ್ತದೆ, ಆ ಗಾಳಿ ಬಡಿಯುವ ಎರಡು ಕಪಾಟಿನವೇ ಬಿರಿಯುತ್ತವೆ ಅಂತ ತೋರಿಸಿದಳು. ಅವನು ಬಾಗಿಲಿಗೆ ದಪ್ಪ ಪ್ಲಾಸ್ಟಿಕ್ ಪರದೆ ಹಾಕಿಸಿದ. ಅವನು ಬರೆದುಕೊಟ್ಟ ವರದಿ ಒಂದೇ ಸಾಲು: "ಇವಳನ್ನು ವಾಪಸ್ ಕಳಿಸಲು ನನಗೆ ಇಷ್ಟವಿಲ್ಲ."

ಡೋನಲ್ ಅದನ್ನು ಓದಿ, "ಗ್ರ್ಯಾಂಡ್," ಅಂದರು. ಈ ಸಲ ನಿಜವಾದ ಗ್ರ್ಯಾಂಡ್.

ಜೂನ್‌ನಲ್ಲಿ ಫಲಿತಾಂಶ ಬಂತು. ನೊರೀನ್ ಈಗ ಎಂಟರ ಬದಲು ಒಂಬತ್ತು ವಿಷಯ ಓದಿದ್ದಳು, ಒಳ್ಳೆಯ ಅಂಕದ ಎಂಟು ಮಾತ್ರ ಲೆಕ್ಕಕ್ಕೆ. ನಾಲ್ಕು ವಿಷಯದಲ್ಲಿ ಡಿಸ್ಟಿಂಕ್ಷನ್. ಐದನೆಯ ಡಿಸ್ಟಿಂಕ್ಷನ್ ಯಾವುದರಲ್ಲಿ? ಕೆಲಸದ ಅನುಭವದಲ್ಲಿ. ನಾನು ಭದ್ರವಾಗಿರಲಿ ಎಂದು ತುರುಕಿದ ಸ್ಟಾಟಿಸ್ಟಿಕ್ಸ್‌ನಲ್ಲಿ ಬರೀ ಪಾಸು, ಅದು ಲೆಕ್ಕದಿಂದಲೇ ಬಿದ್ದುಹೋಯಿತು. ಅಂದರೆ ಕೆಂಪು ಸಾಲು ಬಾರದೇ ಇದ್ದು, ನಿಯಮವೂ ಇಲ್ಲದೇ ಇದ್ದಿದ್ದರೂ, ನನ್ನ ಯೋಜನೆಯಂತೆ ನಡೆದಿದ್ದರೆ ಅವಳಿಗೆ ಸೀಟು ಸಿಗುತ್ತಿರಲಿಲ್ಲ. ಇದನ್ನು ಬರೆಯಲು ನನಗೆ ಇವತ್ತಿಗೂ ನಾಚಿಕೆ. ಆದರೂ ಬರೆಯುತ್ತಿದ್ದೇನೆ, ಯಾಕೆಂದರೆ ಸಹನಾ, ನಿನ್ನ ಎದುರು ಕೂತವರು "ಇದನ್ನ ತೆಗೆದ್ರೆ ಪರವಾಗಿಲ್ವಾ?" ಅಂತ ಕೇಳಿದಾಗ, ನಗುವ ಮೊದಲು ನಿಯಮ ಓದು. ಓದಿದ ಮೇಲೂ ನಗಬೇಡ.

ಅರ್ಹತೆ ಬಂತು, ಸೀಟು ಇನ್ನೂ ಬಂದಿರಲಿಲ್ಲ. ಸೀಟುಗಳು ಕೆಲವೇ, ಅರ್ಜಿಗಳು ಬೇಕಾದಷ್ಟು. ಆಫರ್ ಬರುವುದು ಆಗಸ್ಟ್ ಕೊನೆಗೆ, ಮಧ್ಯಾಹ್ನ ಎರಡಕ್ಕೆ, ಇಂಟರ್‌ನೆಟ್ಟಿನಲ್ಲಿ. ಅಂದು ಶನಿವಾರವಲ್ಲ, ಆದರೂ ಬೇಕರಿಯಲ್ಲಿ ಯಾರೋ ರಜೆ ಹಾಕಿ ನೊರೀನ್ ಕೌಂಟರಿನಲ್ಲಿದ್ದಳು. ಎರಡೂಕಾಲಿಗೆ ನನ್ನ ಫೋನು ಹೊಡೆಯಿತು.

"ಬಂತಾ? ಏನಂತೆ?"

"ನೋಡಿಲ್ಲ. ನೋಡಕ್ಕಾಗ್ತಿಲ್ಲ. ನೀವು ಬನ್ನಿ. ಕೆಡಿಸಿದ್ದೂ ನೀವೇ, ರಿಪೇರಿ ಮಾಡಿದ್ದೂ ನೀವೇ. ನೀವೇ ನೋಡಿ."

ಬ್ಯಾಲಿನ್‌ಕೊಲಿಗ್‌ನಿಂದ ಡಗ್ಲಸ್‌ವರೆಗೆ ಪ್ರತಿಯೊಂದು ಸಿಗ್ನಲ್ಲೂ ಕೆಂಪು. ದೇವರಿಗೂ ಬೈದೆ, ಟ್ರಾಫಿಕ್ಕಿಗೂ ಬೈದೆ. ಒಳಗೆ ಹೋದರೆ ಕೌಂಟರಿನ ಎದುರು ಏಳೆಂಟು ಜನರ ಸಾಲು. ನೊರೀನ್ ಹಿಟ್ಟಿನ ಕೈಯಲ್ಲೇ ನನ್ನ ಕಡೆ ಫೋನು ಚಾಚಿದಳು, ಅರ್ಜಿಯ ನಂಬರ್ ಹೇಳಿದಳು, ಆಮೇಲೆ ಬೆನ್ನು ತಿರುಗಿಸಿ ಬ್ರೆಡ್ ಕೊಯ್ಯುವ ಯಂತ್ರದ ಮುಂದೆ ನಿಂತುಬಿಟ್ಟಳು. ಸಾಲಿನ ಮೊದಲಲ್ಲಿದ್ದ ಮುದುಕರು, "ಏನು ಕಾಯ್ತಿದೀವಿ?" ಅಂತ ಕೇಳಿದರು. ಹಿಂದಿನ ಹೆಂಗಸು, "ಶ್! ಇವಳಿಗೆ ಕಾಲೇಜಿನ ಸೀಟಂತೆ," ಅಂದಳು. ಆಗ ಇಡೀ ಸಾಲು ನನ್ನ ಕೈಯ ಫೋನಿನ ಕಡೆ ಬಾಗಿತು.

ಕನ್ನಡಕ ಕಾರಿನಲ್ಲೇ ಉಳಿದಿತ್ತು. ಫೋನನ್ನು ಅಷ್ಟು ದೂರ ಹಿಡಿದು, ಇಷ್ಟು ಹತ್ತಿರ ಹಿಡಿದು ಓದಿದೆ. ಆಹಾರ ವಿಜ್ಞಾನ. ನಾಲ್ಕು ವರ್ಷ. ಆಫರ್.

ವರ್ಷಗಟ್ಟಲೆ ವಿದ್ಯಾರ್ಥಿಗಳೊಂದಿಗೆ ತೂಗಿ ತೂಗಿ ಇಂಗ್ಲಿಷ್ ಮಾತಾಡಿದ ಬಾಯಿ ಅವತ್ತು ನನ್ನ ಮಾತು ಕೇಳಲಿಲ್ಲ. "ಸಿಕ್ತು ಕಣೇ!" ಎಂದು ಕನ್ನಡದಲ್ಲೇ ಕಿರುಚಿದೆ. "ಸಿಕ್ತು ಕಣೇ ನಿಂಗೆ, ಸಿಕ್ಕೇಬಿಡ್ತು!"

ನೊರೀನ್ ತಿರುಗಿದಳು. ಕೆನ್ನೆಯ ಮೇಲೆಲ್ಲ ಹಿಟ್ಟು, ಅದರ ಮೇಲೆ ಕಣ್ಣೀರು.

"ನೀವೇನಂದ್ರೋ ಒಂದಕ್ಷರ ಗೊತ್ತಾಗ್ಲಿಲ್ಲ," ಅಂದಳು. "ಇನ್ನೊಂದು ಸಲ ಹೇಳಿ."

ಹೇಳಿದೆ.